ಸಾಕ್ಷಿ ಮಾವನ ಸಹಿ

ನಮ್ಮ ಸಾಕ್ಷಿ ಮಾವ ತನ್ನ ಮದುವೆಯ ಕಾಗದದಲ್ಲೇ ವರನ ಜಾಗ ಬಿಟ್ಟು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿಬಿಟ್ಟ. ನೋಂದಣಿ ಕಚೇರಿಯ ಬೆಂಚಿನ ಮೇಲೆ ಮೂವತ್ತು ವರ್ಷ ಕೂತು, ಕರೆದವರ ಪತ್ರಕ್ಕೆಲ್ಲ ಸಾಕ್ಷಿ ಹಾಕಿ ಸವೆದ ಕೈ ಅದು. ಗುಮಾಸ್ತ ಹಣೆ ಚಚ್ಚಿಕೊಂಡು ಹೊಸ ಕಾಗದ ತರಲು ಹೋದ.

ಕಿಟಕಿಯ ಬಿಸಿಲುಕೋಲಿನಲ್ಲಿ ದೂಳು ಕನಸಿನ ಹಾಗೆ ತೇಲುತ್ತಿತ್ತು. ಮಾವ ಅದನ್ನೇ ನೋಡುತ್ತ ಕೂತ. ಮದುವಣಗಿತ್ತಿ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವವರು, ಐವತ್ತಕ್ಕೆ ಮನಸ್ಸು ಮಾಡಿದವರು. ಅವರ ಪೆನ್ನು ಮತ್ತೆ ಚೀಲ ಸೇರಿತು.

"ಕೋರ್ಟಿನ ಸಾಕ್ಷಿ ಕಂಡಿದ್ದನ್ನ ಬಾಯಿಬಿಟ್ಟು ಹೇಳ್ತಾನೆ. ನಮ್ಮ ಶಾಸ್ತ್ರದ ಸಾಕ್ಷಿ ಒಳಗೇ ಕೂತು ಎಲ್ಲಾ ನೋಡ್ತಾನೆ, ಯಾವುದಕ್ಕೂ ಅಂಟ್ಕೊಳ್ಳಲ್ಲ. ಸಂಸಾರದಲ್ಲೂ ನೀವು ಹಾಗೇ ಕೂತ್ಬಿಟ್ರೆ ನನ್ನ ಗತಿ ಏನ್ರೀ?"

ಮಾವ ಬಿಸಿಲುಕೋಲು ಬಿಟ್ಟು ಅವರ ಕಡೆ ತಿರುಗಿ ಕೂತ.

"ಇಷ್ಟು ಜನರ ಬಾಳಿಗೆ ಸಾಕ್ಷಿಯಾಗಿ ನಿಂತು ಏನು ಕಂಡ್ರಿ? ಅದನ್ನ ಹೇಳಿ, ಆಮೇಲೆ ನಾನು ಸಹಿ ಹಾಕೋ ಮಾತು."

"ಕಾಣೋದೇನು ಬಂತು ಮೇಡಂ? ಬರೆದಿದ್ದನ್ನೆಲ್ಲ ಮಡಿಸಿಟ್ಟು, ಸಹಿ ಹಾಕೋ ಗೆರೆ ಒಂದನ್ನೇ ತೋರಿಸ್ತಾರೆ. ಇವತ್ತು ನೀವು ಕಾಗದ ಪೂರ್ತಿ ಬಿಚ್ಚಿಟ್ರಿ ನೋಡಿ, ಗಾಬರಿಯಾಗಿಹೋಯ್ತು."