ಮಂಗಲಾಳ ಬಿಸಿಲಿನ ಮುಲಾಮು

ಆಗ ದಾಂಡೇಲಿಯ ನಮ್ಮ ಕ್ವಾರ್ಟರ್ಸ್ ಓಣಿಯಲ್ಲಿ ಬಿಸಿಲಿಗೆ ಯಾವ ಮಗುವೂ ಹೆದರುತ್ತಿರಲಿಲ್ಲ, ನನ್ನ ತಂಗಿ ಮಂಗಲಾಳನ್ನು ಬಿಟ್ಟು. ಹುಟ್ಟಿನಿಂದಲೇ ಅವಳ ಚರ್ಮಕ್ಕೆ ಬಣ್ಣವಿರಲಿಲ್ಲ. ಕೂದಲು, ರೆಪ್ಪೆ ಎಲ್ಲ ಬಿಳಿ. ಬೇಸಿಗೆ ರಜೆಯಲ್ಲಿ ನಾವು ಉಪ್ಪು-ಖಾರ ಹಚ್ಚಿದ ಮಾವಿನಕಾಯಿ ಚೀಪುತ್ತ ಲಗೋರಿ ಆಡಿದರೆ, ಅವಳು ಬಾಗಿಲ ನೆರಳಲ್ಲಿ ಕೂತು ನಮ್ಮ ಜಗಳ ಬಿಡಿಸುತ್ತಿದ್ದಳು.

ಹುಬ್ಬಳ್ಳಿಯ ಡಾಕ್ಟರು ಸನ್‌ಸ್ಕ್ರೀನಿನ ಟ್ಯೂಬೊಂದನ್ನು ಬರೆದುಕೊಟ್ಟಿದ್ದರು. ನಮ್ಮೂರಲ್ಲಿ ಅದು ಸಿಗುತ್ತಿರಲಿಲ್ಲ. ಆದರೆ ಓಣಿಯ ಹೆಂಗಸರ ಲೆಕ್ಕವೇ ಬೇರೆ: ಆ ಮುಲಾಮು ಹಚ್ಚಿಯೇ ಮಂಗಲಾ ಅಷ್ಟು ಬೆಳ್ಳಗಾಗಿದ್ದಾಳೆ! ಅವಳನ್ನು ತೊಟ್ಟಿಲಲ್ಲಿ ತೂಗಿದವರೇ ಹೀಗೆ ನಂಬಿದರೆ ಯಾರಿಗೆ ಹೇಳುವುದು?

ಪಕ್ಕದ ಮನೆಯ ಸುಶೀಲಾ ಕಾಕು ಬಟ್ಟಲು ಹಿಡಿದೇ ಬಂದರು. "ವೈನಿ, ಒಂದೀಟ ಕೊಡ್ರಿ. ನಾಳೆ ನಮ್ಮ ಸವಿತಾನ್ನ ನೋಡಾಕ ಬರಾಕತ್ತಾರ."

"ಅದು ಬೆಳ್ಳಗಾಗೂದಲ್ರೀ, ಬಿಸಲಿಗೆ ಹಚ್ಚೂದು," ಎಂದಳು ಅವ್ವ.

"ಇರ್ಲಿ ಕೊಡ್ರಿ. ಹುಡುಗಿ ಬಾಳೇದ ಪ್ರಶ್ನೆ ಐತಿ."

ಲಗ್ನದ ಮಾತಿಗೆ ಇಲ್ಲ ಎನ್ನಲು ಅವ್ವನಿಗೆ ಬಾಯಿ ಬರಲಿಲ್ಲ. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಹೇಗೆ ಬೇಡವೆನ್ನುವುದು?

ಓಣಿಗೆ ಓಣಿಯೇ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮೌಳಂಗಿ ಹೊಳೆಗೆ ಹೊರಟ ದಿನ ಟ್ಯೂಬು ಖಾಲಿ. ಅವ್ವ ಅದನ್ನು ಕತ್ತರಿಯಿಂದ ಸೀಳಿ ಕೆರೆದಳು. ಏನೂ ಬರಲಿಲ್ಲ. ಮಂಗಲಾ ಹೊಸ ಫ್ರಾಕು ತೊಟ್ಟು ಬಾಗಿಲಲ್ಲಿ ಕುಣಿಯುತ್ತಿದ್ದಳು. ಅವ್ವ ಒಳಗೆ ಹೋಗಿ ಪೌಡರನ್ನು ನೀರಲ್ಲಿ ಕಲಸಿ ತಂದಳು.

"ಅವ್ವಾ, ಇದು ಪೌಡರ್ ಐತಲ್ಲ?" ಎಂದು ಪಿಸುಗುಟ್ಟಿದೆ.

"ಸುಮ್ನಿರ. ಎಲ್ಲಾರೂ ಹೊಂಟಾಗ ಅದೊಂದ ಮನ್ಯಾಗ ಅಳಬೇಕೇನ? ನೆರಳಾಗ ಕುಂದ್ರಸೂಣು."

ನೀರು ಕಂಡ ಕೂಸು ನೆರಳಲ್ಲಿ ಕೂರುತ್ತದೆಯೇ? ಮುಲಾಮು ಹಚ್ಚಿದೆ ಎಂಬ ಧೈರ್ಯ ಬೇರೆ. ಸಂಜೆಯ ಹೊತ್ತಿಗೆ ಹೆಗಲು, ಕಿವಿ, ಕುತ್ತಿಗೆ ತುಂಬ ಬೊಬ್ಬೆ. ಅವ್ವ ಮೊಸರು ಸವರುತ್ತ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಅದಾದ ಮೇಲೆ ಮಂಗಲಾಳನ್ನು ಹೊಳೆಗೆ ಕಳಿಸಲೇ ಇಲ್ಲ.

ಈಗ ಹೊಳೆ ದಂಡೆಯ ಅಂಗಡಿಗಳಲ್ಲಿ ಲೋಷನ್, ಜೆಲ್, ಸ್ಪ್ರೇ ಎಲ್ಲ ನೇತಾಡುತ್ತವೆ. ರಾಫ್ಟಿಂಗಿಗೆ ಬಂದವರು ಮೈತುಂಬ ಬಳಿದುಕೊಂಡು ಇಳಿದಲ್ಲಿ ನೀರ ಮೇಲೆ ಎಣ್ಣೆಯ ಪದರ ಮಿನುಗುತ್ತದೆ. ಮೀನುಗಳ ಗತಿಯೇನೋ! ಬೈಯಬೇಕೆನಿಸುತ್ತದೆ, ಆದರೆ ಯಾವ ಬಾಯಿಂದ ಬೈಯಲಿ? ತಂಗಿಗೆಂದು ನಾನೂ ಅಲ್ಲೇ ಎರಡು ಟ್ಯೂಬು ಕೊಳ್ಳುತ್ತೇನೆ.

ಕಳೆದ ತಿಂಗಳು ಅವಳ ಕಿವಿಯ ಪಕ್ಕದ ಮಾಯದ ಹುಣ್ಣನ್ನು ಕೊಯ್ದು ತೆಗೆದರು. ಕ್ಯಾನ್ಸರ್. ಒಂದು ದಿನದ ಬಿಸಿಲಿನಿಂದ ಆದದ್ದಲ್ಲ, ವರ್ಷಗಳದ್ದು ಎಂದರು ಡಾಕ್ಟರು. ನನಗೆ ಮಾತ್ರ ಆ ಒಂದು ದಿನವೇ ಕಣ್ಣಿಗೆ ಕಟ್ಟುತ್ತದೆ.

ಬ್ಯಾಂಡೇಜು ಸುತ್ತಿದ ತಲೆಯನ್ನು ನನ್ನತ್ತ ಹೊರಳಿಸಿ ಮಂಗಲಾ ನಕ್ಕಳು. "ಅಕ್ಕಾ, ಮೌಳಂಗಿ ನೆನಪೈತೇನ? ಎಲ್ಲಾರ ಜೋಡಿ ದಿನಾಪೂರ್ತಿ ಬಯಲಾಗ ಆಡಿದ್ದು ಅದೊಂದ ದಿನ ನೋಡ. ಅವ್ವ ಅವತ್ತ ಎಷ್ಟ ಜ್ವಾಕಿಲೆ ಮುಲಾಮ ಹಚ್ಚಿ ಕಳಿಸಿದ್ಲು!"

ಹೂಂ ಎಂದೆ.