ಏಳನೆಯ ಹಗೇವು

ಮೊರಬದ ಗೋಡೆ ಕಟ್ಟುವ ಗೌಂಡಿ ಇಮಾಮುದ್ದೀನರಿಗೆ ತಮ್ಮ ಹೆಸರು ಬರೆಯಲು ಬರುವುದಿಲ್ಲ. ಪಂಚಾಯಿತಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಉಳಿದ ಶಾಯಿಯನ್ನು ನನ್ನ ಎದುರೇ ಕಚೇರಿಯ ಗೋಡೆಗೆ ಒರೆಸುತ್ತಾರೆ. ಬೈದರೆ, "ಈ ಗ್ವಾಡೀಗೆ ಇಷ್ಟ ಮರ್ಯಾದಿ ಸಾಕ್ರಿ ಅಕ್ಕಾರ, ಎರಡ ಮಳಿಗಾಲ ತಡಿಯಂಗಿಲ್ಲ ಇದು" ಎನ್ನುತ್ತಾರೆ. ನಾನು ಸುಳಗುಂದಿಗೆ ಪಂಚಾಯಿತಿ ಅಧಿಕಾರಿಯಾಗಿ ಬಂದ ಎರಡನೆಯ ಮಳೆಗಾಲಕ್ಕೇ ಆ ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತು. ಅಂದಿನಿಂದ ನಾನು ಗೋಡೆಯ ವಿಷಯದಲ್ಲಿ ಅವರಿಗೆ ಎದುರಾಡುವುದನ್ನು ಬಿಟ್ಟಿದ್ದೇನೆ.

ಅರವತ್ತಾರು ವಯಸ್ಸು, ಒಣಕಲು ಮೈ, ಸುಣ್ಣಕ್ಕೆ ಬೆಂದು ಬಿಳಿಚಿದ ಬೆರಳು. ಯಾರ ಮನೆಗೆ ಹೋದರೂ ಕೂಡುವ ಮೊದಲು ಗೋಡೆಗೆ ಅಂಗೈ ಇಡುತ್ತಾರೆ. ಮಗಳು ನಾಜಮೀನ್‌ಗೆ ಗಂಡು ನೋಡಲು ಹೋದಾಗ ಹುಡುಗನ ಮುಖ ನೋಡುವ ಮೊದಲು ಆ ಮನೆಯ ಮೂಲೆಗಳನ್ನು ನೋಡಿದರಂತೆ. "ಮೂಲಿ ಛಲೋ ಕೂಡ್ಯಾವು, ಮಂದಿ ಕೂಡಿ ಬಾಳ್ಯಾರು ಅಂತ ಇವ್ರ ಲೆಕ್ಕ. ಹುಡುಗ ಕುಂಟನೋ ಕುರುಡನೋ, ನಾ ನೋಡಬೇಕಾತು" ಎಂದು ಅವರ ಹೆಂಡತಿ ಜರೀನಾಬಿ ಇಂದಿಗೂ ಹಂಗಿಸುತ್ತಾರೆ. ಬಿದ್ದ ಗೋಡೆಯ ಎದುರು ನಿಂತರೆ ಮಾತ್ರ ಇಮಾಮುದ್ದೀನ ಕಾಕಾ ಬೇರೆಯೇ ಮನುಷ್ಯ. ಕಲ್ಲು ಎಲ್ಲಿ ಬಿದ್ದಿದೆ, ಯಾವ ಮುಖ ಮೇಲಾಗಿ ಬಿದ್ದಿದೆ ಎಂದು ನೋಡಿ, ನೀರು ಕೆಡವಿತೋ ಮನುಷ್ಯ ಕೆಡವಿದನೋ ಹೇಳಿಬಿಡುತ್ತಾರೆ. ನನಗೆ ಮೊದಮೊದಲು ಇದು ಬರಿಯ ಬಡಾಯಿ ಅನ್ನಿಸುತ್ತಿತ್ತು.

ಸುಳಗುಂದಿಗೆ ಒಬ್ಬ ರಾಜನಿದ್ದ ಎಂದರೆ ಹುಬ್ಬಳ್ಳಿಯಲ್ಲಿ ಜನ ನಗುತ್ತಾರೆ. ಹನ್ನೊಂದು ಹಳ್ಳಿಯ ಸಂಸ್ಥಾನ. ದಸರೆಗೆ ಆನೆಯನ್ನು ಕಡ ತರುತ್ತಿದ್ದರಂತೆ. ಆದರೆ ಅವನು ವಾಸವಿದ್ದ ವಾಡೆಯ ಗೋಡೆ ಮಾತ್ರ ನಿಜವಾದ ಅರಸನದೇ, ಮೂರಾಳೆತ್ತರ, ನಾಲ್ಕು ಮೊಳ ದಪ್ಪ. ನೂರೈವತ್ತು ವರ್ಷದ ಹಿಂದೆ, ಮಹಾ ಬರದ ಕೊನೆಗೆ, ಆ ಗೋಡೆ ಪಡುವಲ ಕಡೆ ಬಿತ್ತು. ಜನ ಒಳಗೆ ನುಗ್ಗಿದರು. ಹಿಂಬಾಗಿಲಿಂದ ಹೋದ ರಾಜ ಮತ್ತೆ ಬರಲಿಲ್ಲ, ಸಂಸ್ಥಾನ ಅಲ್ಲಿಗೆ ಮುಗಿಯಿತು. ಇಷ್ಟನ್ನು ಊರೆಲ್ಲ ಒಪ್ಪುತ್ತದೆ. ಗೋಡೆ ತಾನೇ ಬಿತ್ತೋ ಜನ ಕೆಡವಿದರೋ ಎಂಬಲ್ಲಿ ಜಗಳ.

ಹೋದ ವರ್ಷ ಆ ಬಿದ್ದ ಜಾಗಕ್ಕೆ ಕಮಾನು ಕಟ್ಟಿ, ಪಕ್ಕದಲ್ಲೊಂದು ಬರಹದ ಕಲ್ಲು ನಿಲ್ಲಿಸಲು ಪಂಚಾಯಿತಿ ನಿರ್ಧರಿಸಿತು. ಕಲ್ಲಿನ ಮೇಲೆ ಏನು ಕೆತ್ತಬೇಕು ಎಂದು ಸಭೆ ಕರೆದು ನಾನು ಕೆಟ್ಟೆ.

ಮೊದಲು ಎದ್ದವರು ನಿವೃತ್ತ ಹೆಡ್‌ಮಾಸ್ತರ ಶಂಭುಲಿಂಗಪ್ಪನವರು. ಅವರ ಹಿರಿಯರು ರಾಜನ ದಿವಾನರು. ಮನೆಯಲ್ಲಿದ್ದ ಹಳೆಯ ದಫ್ತರದಿಂದ ಒಂದು ಹಾಳೆ ತಂದಿದ್ದರು. ಬರದ ನಂತರದ ಮೊದಲ ಮಳೆಗೆ ಗೋಡೆ ಕುಸಿಯಿತು, ಅದೇ ದಿನ ಹಗೇವು ತೋಡುವ ತಿರಕಪ್ಪನೆಂಬವನು ಜೋಳ ಕದಿಯಲು ಹಗೇವಿಗಿಳಿದು ಸತ್ತನು, ಹೆಣ ತೆಗೆಸಿ ಹಗೇವು ಮುಚ್ಚಿಸಲಾಯಿತು ಎಂದು ಅದರಲ್ಲಿತ್ತು. ಹಗೇವು ಎಂದರೆ ನೆಲದೊಳಗೆ ಗಡಿಗೆಯಂತೆ ತೋಡಿ ಕಾಳು ತುಂಬಿಡುವ ಗುಂಡಿ. ವಾಡೆಯ ಅಂಗಳದಲ್ಲಿ ಇಂದಿಗೂ ಆರು ಇವೆ.

"ಅರಸೊತ್ತಿಗಿ ಒಳಗಿಂದ ಹುಳಾ ಹಿಡದ ಬೀಳತೈತ್ರಿ ಮೇಡಂ. ಜನಾ ಆಮ್ಯಾಲ ಬಂದು ನಾವ ಕೆಡವಿದ್ವಿ ಅಂತಾರ" ಎಂದರು ಮಾಸ್ತರರು.

"ಹಂಗಾದ್ರ ಅವತ್ತ ಮಂದಿ ಎತ್ತು, ಹಗ್ಗ ಯಾಕ ತಂದಿದ್ರರಿ ಮಾಸ್ತರ? ಅರಿವಿ ಒಣ ಹಾಕಾಕ?" ಎಂಬ ಮಾತು ಬಾಗಿಲ ಕಡೆಯಿಂದ ಬಂತು. ಕುರಿ ಕಾಯುವ ಮನೆತನದ ಮೈಲಾರವ್ವ. ಎಪ್ಪತ್ತು ದಾಟಿದ್ದಾಳೆ. ಆ ತಿರಕಪ್ಪ ಅವಳ ಅಜ್ಜನ ಅಪ್ಪ. ಮೊದಲು ಹಗೇವು ತೋಡುವುದೇ ಅವರ ಕಸುಬು. ಪ್ರತಿ ಅಮವಾಸ್ಯೆಗೆ ಬಿದ್ದ ಗೋಡೆಯ ಬಳಿ ಒಂದು ರೊಟ್ಟಿ ಇಟ್ಟು ಬರುತ್ತಾಳೆ.

ಸಭೆ ನಕ್ಕಿತು, ಅವಳು ನಗಲಿಲ್ಲ. ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಅಕ್ಕಾರ, ನಮ್ಮ ಮನೀಗೆ ಊರಾಗ ಜೋಳಗಳ್ಳರ ಮನಿ ಅಂತಾರ. ನನ್ನ ಮೊಮ್ಮಗಳು ಮಂಜುಳಾ ಸಾಲ್ಯಾಗಿಂದ ಅಳಕೋತ ಬರತಾಳ. ಬಾಯಿ ಮಾತ ಆದ್ರ ಇವತ್ತಲ್ಲ ನಾಳೆ ಮರೀತಾರ. ಕಲ್ಲಿನ ಮ್ಯಾಲ ಕೆತ್ತಿಸಿದ್ರ ಅಳಸಾವ್ರ ಯಾರ್ರಿ?"

ಗೋಡೆ ಬಿಚ್ಚುವವರು ಇಮಾಮುದ್ದೀನ ಕಾಕಾ, ಅವರು ಹೇಳಿದ್ದನ್ನೇ ಕೆತ್ತಿಸೋಣ ಎಂದೆ. ಮಾಸ್ತರರು ಒಪ್ಪಿದರು, ಮೈಲಾರವ್ವನೂ ಒಪ್ಪಿದಳು. ಗೋಡೆ ತಮ್ಮ ಪರವೇ ಸಾಕ್ಷಿ ಹೇಳುತ್ತದೆ ಎಂದು ಇಬ್ಬರಿಗೂ ನಂಬಿಕೆಯಿತ್ತು.

ಕೆಲಸ ಶುರುವಾದ ಮೂರನೆಯ ದಿನ, ಗೋಡೆಯ ಒಳಬದಿಯ ಬುಡದಲ್ಲಿ ಕಾಕಾ ಹಾಕಿದ ಹಾರೆ ಸರ್ರನೆ ಕೆಳಗಿಳಿದು ಹೋಯಿತು. ಮಣ್ಣು ಸರಿಸಿದರೆ ಚಪ್ಪಡಿ, ಚಪ್ಪಡಿಯ ಕೆಳಗೆ ಕತ್ತಲೆ. ಅಲ್ಲೊಂದು ಏಳನೆಯ ಹಗೇವು! ಹಾಳೆಯಲ್ಲಿ ಮುಚ್ಚಿಸಲಾಯಿತು ಎಂದಿದ್ದುದು ಇದೇ ಇರಬೇಕು, ಅದು ಎಲ್ಲಿತ್ತೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಜೊತೆಗಾರ ಹನಮಂತಪ್ಪ ಇಳಿಯಲು ಹೊರಟಾಗ ಕಾಕಾ ರಟ್ಟೆ ಹಿಡಿದು ಎಳೆದರು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರೆ ಅರ್ಧಕ್ಕೇ ಆರಿತು. ಮತ್ತೆ ಬಿಟ್ಟರು, ಮತ್ತೆ ಆರಿತು.

"ರಾಜನ ಕಾಲದ ಗಾಳಿ ಐತಿ. ಮೊದಲ ಅದು ಹೊರಗ ಹೋಗ್ಲಿ, ಆಮ್ಯಾಲ ನಾವು ಒಳಗ ಹೋಗೂಣು" ಎಂದು ಹಗೇವಿನ ಬಾಯಿ ತೆರೆದಿಟ್ಟು ಮನೆಗೆ ಹೋದರು.

ಮರುದಿನ ಕಂದೀಲು ತಳದವರೆಗೂ ಉರಿಯಿತು. ಕಾಕಾ ಇಳಿದರು. ಒಂದು ತಾಸಿನ ಮೇಲೆ ಹತ್ತಿ ಬಂದವರು ಜರೀನಾಬಿ ಕಟ್ಟಿ ಕಳಿಸಿದ ರೊಟ್ಟಿಯ ಗಂಟು ಬಿಚ್ಚಲಿಲ್ಲ. ಗಂಟು ಹಾಕಿದ ಹಗ್ಗ ಹಿಡಿದು ಅಂಗಳದ ಆರೂ ಹಗೇವುಗಳಿಗೆ ಒಂದೊಂದಾಗಿ ಇಳಿದು ಅಳೆಯತೊಡಗಿದರು. ಹೀಗೆ ಎರಡು ದಿನ. ಕಮಾನಿನ ಕೆಲಸ ನಿಂತೇ ಹೋಯಿತು. ನನಗೆ ಸಿಟ್ಟು ನೆತ್ತಿಗೇರಿತು. "ಕಾಕಾ, ಕಮಾನ ಕಟ್ರಿ ಅಂದ್ರ ಹಗೇವು ಅಳೀತ ಕುಂತೀರಲ್ಲ, ನಾ ಮ್ಯಾಲಿನವ್ರಿಗೆ ಏನ್ ಹೇಳ್ಲಿ?" ಎಂದು ಕೂಗಾಡಿದೆ. ಅವರು ತಲೆ ಎತ್ತಿ ನೋಡಿದರು. ಕಣ್ಣುಗಳು ತೇವವಾಗಿದ್ದವು. "ಮಾಸ್ತರನ್ನ, ಮೈಲಾರವ್ವನ್ನ ಕರೀರಿ ಅಕ್ಕಾರ" ಎಂದಷ್ಟೇ ಹೇಳಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಇಬ್ಬರೂ ಬಂದರು, ಹಿಂದೆಯೇ ಅರ್ಧ ಊರು ಬಂತು. ಕಾಕಾ ನೆಲದ ಮೇಲೆ ಹಗ್ಗದಿಂದ ಒಂದು ದುಂಡು ಹಾಕಿದರು.

"ಅಂಗಳದಾಗಿನ ಆರೂ ಹಗೇವು ಹಿಂಗ ಅದಾವ್ರಿ. ಯಾ ಕಡೆ ಅಳದ್ರೂ ಒಂದ ಅಳತಿ, ಒಂದ ಬೆರಳು ಹೆಚ್ಚಿಲ್ಲ ಕಮ್ಮಿಲ್ಲ. ನಾ ಐವತ್ತ ವರ್ಷ ಕರಣಿ ಹಿಡದೇನಿ, ಇಂಥಾ ಕೈ ನೋಡಿಲ್ಲ. ಆರೂ ಗ್ವಾಡಿಯಿಂದ ಇಪ್ಪತ್ತ ಮಳ ದೂರ. ಈ ಏಳನೇದಷ್ಟ ಗ್ವಾಡಿ ಬುಡಕ್ಕ ಬಂದೈತಿ. ಹಗೇವು ತೋಡಾವ ತನ್ನ ಮನಸಿನಿಂದ ಅಲ್ಲಿ ಹಾರಿ ಹಾಕಂಗಿಲ್ಲ. ಯಾರೋ ಹೇಳಿ ತೋಡಿಸ್ಯಾರ."

"ರಾಜಾನ ಹೇಳಿರಬೇಕು. ಬರದಾಗ ಮಂದಿ ಕಣ್ಣು ತಪ್ಪಿಸಿ ಜೋಳ ಮುಚ್ಚಿಡಾಕ" ಎಂದರು ಮಾಸ್ತರರು. ತಮ್ಮ ವಾದ ಗೆದ್ದಂತೆ ಸ್ವಲ್ಪ ನೆಟ್ಟಗಾದರು. "ನಾ ಹೇಳಿದ್ದ ಅದನ್ನ. ತನ್ನ ಗ್ವಾಡಿ ತಾನ ಪೊಳ್ಳ ಮಾಡ್ಕೊಂಡ."

"ಇಲ್ರಿ ಮಾಸ್ತರ. ರಾಜಾ ಹೇಳಿದ್ದು ಬುಡದ ತನಕ. ಅಲ್ಲಿಗೆ ನಿಂತಿದ್ರ ಗ್ವಾಡಿ ಇವತ್ತೂ ನಿಂತಿರತಿತ್ತು." ಕಾಕಾ ಹಗ್ಗದ ದುಂಡನ್ನು ಒಂದು ಕಡೆ ಹೊರಕ್ಕೆ ಎಳೆದರು. "ಮೂರೂ ಕಡೆ ಅದ ಅಳತಿ. ಗ್ವಾಡಿ ಕಡೆ ಮಾತ್ರ ಒಂದ ಮಳ ಹೆಚ್ಚಿಗಿ ಹೋಗೈತಿ, ತಳಪಾಯದ ಕೆಳಗ. ಈ ಗ್ವಾಡಿಗೆ ಒಳಗೊಂದು ಹೊರಗೊಂದು ಕಲ್ಲಿನ ಮುಖ, ನಡುವ ಬರೇ ಮಣ್ಣು. ಒಳಗಿನ ಮುಖದ ಕೆಳಗಿನ ನೆಲಾ ತಗದ್ರ ಮುಗೀತು. ಆರು ಸಲ ಬೆರಳಿನಷ್ಟು ತಪ್ಪದ ಕೈ, ಏಳನೇ ಸಲಕ್ಕ ಒಂದ ಮಳ ತಪ್ಪತೈತೇನ್ರಿ?"

ಮೈಲಾರವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು.

"ಹಂಗಾದ್ರ ತೋಡಿದಾಗ ಯಾಕ ಬೀಳಲಿಲ್ಲ?" ಎಂದು ನಾನು ಕೇಳಿದೆ.

"ಜೋಳ ತುಂಬಿರೂ ತನಕ ಜೋಳಾನ ಗ್ವಾಡಿ ಹೊತ್ತಿತ್ತರಿ ಅಕ್ಕಾರ. ಈಗ ತಳದಾಗ ಒಂದ ಮುಷ್ಟಿ ಹೊಟ್ಟು ಅಷ್ಟ ಐತಿ. ಮಂದಿ ಸಾಯಾಕತ್ತಾಗ ಜೋಳ ಎಲ್ಲೋ ಹೊರಗ ಹೋಗೇತಿ. ಹಗೇವು ಖಾಲಿ ಆತು, ಗ್ವಾಡಿ ಗಾಳ್ಯಾಗ ನಿಂತು." ಕಾಕಾ ಪಕ್ಕದಲ್ಲಿ ಚೀಲ ಮುಚ್ಚಿಟ್ಟಿದ್ದ ಒಂದು ವಸ್ತು ತೆಗೆದರು. ತುಕ್ಕು ತಿಂದ ಗುದ್ದಲಿಯ ತಲೆ. "ಆ ಒಂದ ಮಳದ ಕಡೀ ತುದ್ಯಾಗ, ತಳಪಾಯದ ಕೆಳಗ ನಟ್ಟಿತ್ತು. ಜೋಳ ಕದಿಯಾಕ ಬಂದಾವ ಚೀಲ ತರ್ತಾನ್ರಿ. ಖಾಲಿ ಹಗೇವಿಗೆ ಗುದ್ದಲಿ ಯಾಕ ತರ್ತಾನ? ಒಳಗಿನ ಮುಖದ ಕಲ್ಲು ಹಗೇವಿನಾಗ ಕುಸದಾವು. ಹೊರಗಿನ ಮುಖದ ಕಲ್ಲು ಊರ ಕಡೆ ದೂರ ಬಿದ್ದಾವು, ಅವು ಹಗ್ಗದಿಂದ ಎಳದಿದ್ದು. ಮ್ಯಾಲೆ ಮಂದಿ ಎತ್ತು ಹೂಡಿ ಎಳೀತಿದ್ದಾಗ, ಕೆಳಗ ತಿರಕಪ್ಪ ಒಬ್ಬನ ಬುಡಾ ಕಡೀತಿದ್ದಾ."

ನಾನು ಓದಿದ ಪುಸ್ತಕಗಳಲ್ಲಿ ಅರಸರು ಬೀಳಲು ಪಟ್ಟಿ ಮಾಡಿದ ಕಾರಣಗಳಿದ್ದವು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಒಬ್ಬ ಮನುಷ್ಯ ರಾಜ ತೋರಿಸಿದ ಜಾಗದಲ್ಲೇ, ರಾಜನ ಆಳಾಗಿಯೇ, ಒಂದು ಮೊಳ ಹೆಚ್ಚಿಗೆ ತೋಡಿ, ಬಾಯಿ ಮುಚ್ಚಿಕೊಂಡು ಕಾದ ಎಂಬುದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದನ್ನು ನೂರೈವತ್ತು ವರ್ಷದ ಮೇಲೆ ಓದಿದವರು ಹೆಬ್ಬೆಟ್ಟಿನ ಈ ಗೌಂಡಿ. ಇಬ್ಬರಲ್ಲಿ ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ ನಿಂತೆ.

ಮಾಸ್ತರರು ಅಂಗಿಯ ತೋಳು ಮಡಿಸಿದರು. "ನಾ ಇಳೀತೀನಿ" ಎಂದರು. ಎಪ್ಪತ್ತಾರರ ಮುದುಕ, ಎಲ್ಲರೂ ಬೇಡವೆಂದರು, ಕೇಳಲಿಲ್ಲ. ಕಾಕಾ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಹತ್ತಿ ಬಂದಾಗ ಅವರ ಬಿಳಿ ಧೋತರ ಕರಿ ಮಣ್ಣಾಗಿತ್ತು. ನೇರವಾಗಿ ಮೈಲಾರವ್ವನ ಎದುರು ನಿಂತರು.

"ತಂಗೀ, ನಮ್ಮ ಮನಿ ಹಾಳ್ಯಾಗ ಸುಳ್ಳು ಬರದಾರ. ನಲವತ್ತ ವರ್ಷ ಅದನ್ನ ಸಾಲ್ಯಾಗ ನಾ ಕಲಿಸಿದೆ. ನಿನ್ನ ಮೊಮ್ಮಗಳನ್ನ ಅಳಿಸಿದಾವ ನಾನ. ತಪ್ಪಾತು."

ಮೈಲಾರವ್ವ ಅವರ ಧೋತರದ ಮಣ್ಣನ್ನು ಬೆರಳಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡಳು.

ಕಲ್ಲಿನ ಬರಹವನ್ನು ಮಾಸ್ತರರೇ ಬರೆದುಕೊಟ್ಟರು. "ರಾಜನು ಕಾಳು ಬಚ್ಚಿಟ್ಟ ಜಾಗ. ಹಗೇವು ತೋಡುವ ತಿರಕಪ್ಪನು ಒಂದು ಮೊಳ ಹೆಚ್ಚಿಗೆ ತೋಡಿದನು. ಊರು ಎಳೆಯಿತು." ಅಷ್ಟೇ. ಇನ್ನೂ ಸೇರಿಸಿ ಎಂದು ನಾನು ಕಾಡಿದೆ, ಅವರು ಜಗ್ಗಲಿಲ್ಲ.

ಕಮಾನಿಗೆ ನೆಲ ಗಟ್ಟಿಯಾಗಬೇಕೆಂದರೆ ಏಳನೆಯ ಹಗೇವನ್ನು ತುಂಬಲೇಬೇಕಿತ್ತು. ಕಾಕಾ ಮೊದಲು ಮೈಲಾರವ್ವನ ಅಪ್ಪಣೆ ಕೇಳಿದರು, ಆಮೇಲೆ ಕಲ್ಲು ಗಾರೆ ಹಾಕಿ ತುಂಬಿದರು. ಆದರೆ ಆ ಒಂದು ಮೊಳದ ಟೊಳ್ಳಿನಲ್ಲಿ, ಕುಸಿಯದೆ ಉಳಿದ ಒಂದು ಬದಿಯನ್ನು ಮುಚ್ಚಲಿಲ್ಲ. ಸುತ್ತ ಕಲ್ಲು ಕಟ್ಟಿ, ಎರಡು ಮೆಟ್ಟಿಲಿಳಿದು ಕೈ ಹಾಕುವಷ್ಟು ಕಿಂಡಿ ಬಿಟ್ಟರು. ನಕಾಶೆಯಲ್ಲಿ ಅದು ಇರಲಿಲ್ಲ. ನಾನು ನೋಡಿಯೂ ನೋಡದಂತೆ ಸಹಿ ಹಾಕಿದೆ.

ಕೆಲಸ ಮುಗಿದ ದಿನ ಮೈಲಾರವ್ವ ಮೊಮ್ಮಗಳ ಕೈ ಹಿಡಿದುಕೊಂಡು ಬಂದಳು. ಮೆಟ್ಟಿಲ ಮೇಲೆ ಕೂತು, ಬಳೆ ಹಿಂದಕ್ಕೆ ಸರಿಸಿ, ಕಿಂಡಿಯೊಳಗೆ ಕೈ ಚಾಚಿದಳು. ಮೊಣಕೈವರೆಗೆ, ಅವಳ ಕೈಯ ಒಂದು ಮೊಳ, ಹೋಯಿತು. ಒಳಗೆ ಗುದ್ದಲಿಯ ಗೀರುಗಳನ್ನು ಒಂದೊಂದಾಗಿ ಸವರಿದಳು. ಇಮಾಮುದ್ದೀನ ಕಾಕಾ ತಲೆಯ ಟೋಪಿ ತೆಗೆದು ಪಕ್ಕದಲ್ಲಿ ನಿಂತಿದ್ದರು.

ಕಡೆಗೆ ಅವಳು ಅವರ ಕಡೆ ತಿರುಗಿದಳು.

"ಇನ್ನೂ ನಾಕ ಬೆರಳು ಜಾಗ ಉಳೀತೈತ್ರಿ. ನಮ್ಮ ತಿರಕಪ್ಪ ಮುತ್ಯಾನ ಕೈ ಉದ್ದ ಇತ್ತು."