ಹನಿ ಒಣಗಲು ಬಿಡದ ದೊಡ್ಡಕ್ಕ

ದೊಡ್ಡಕ್ಕ ಎಂದರೆ ಇಡೀ ಕನ್ನಡಕದ ಕಾರ್ಖಾನೆಗೇ ದೊಡ್ಡಕ್ಕ. ಇಪ್ಪತ್ತಾರು ವರ್ಷ ಒಂದೇ ತೊಟ್ಟಿಯ ಮುಂದೆ ನಿಂತು ಗಾಜು ತೊಳೆದವಳು. ತೊಳೆಯುವುದು ಬಿಡಿ, ಯಾರಾದರೂ ತೊಳೆದಾರು. ಅವಳ ಹೆಚ್ಚುಗಾರಿಕೆ ಇದ್ದದ್ದು ಆಮೇಲಿನ ಕೆಲಸದಲ್ಲಿ. ಗಾಜನ್ನು ಓರೆಯಾಗಿ ಹಿಡಿಯುವಳು. ನೀರೆಲ್ಲ ಜಾರಿ ಕೆಳಗಿನ ಅಂಚಿನಲ್ಲಿ ಒಂದೇ ಹನಿಯಾಗಿ ನಿಂತಾಗ ಅದಕ್ಕೆ ನೀರು ಹೀರುವ ಕಾಗದದ ಮೂಲೆ ಮುಟ್ಟಿಸುವಳು. ಹನಿ ಮಾಯ. ಗಾಜಿನ ಮೇಲೆ ಒಂದು ಹನಿಯೂ ನಿಂತಲ್ಲೇ ಒಣಗಬಾರದು, ಅದು ಅವಳ ಹಠ.

ಹೊಸ ಮೇಲ್ವಿಚಾರಕನ ಕಣ್ಣಿಗೆ ಇದು ಮೈಗಳ್ಳತನದಂತೆ ಕಂಡಿತು. ಬಂದ ತಿಂಗಳಿಗೇ ಬಿಸಿಗಾಳಿ ಊದುವ ಯಂತ್ರ ತರಿಸಿದ.

"ಒಂದೊಂದಕ್ಕೂ ಕಾಗದ ಮುಟ್ಟಿಸ್ತಾ ಕೂತ್ರೆ ಯಾವ ಕಾಲಕ್ಕೆ ಮುಗಿಯುತ್ತೆ? ತಟ್ಟೆ ತುಂಬ ಜೋಡ್ಸಿ ಗಾಳಿಗಿಡಿ, ಅಷ್ಟೇ."

"ಕಲೆ ಕೂರುತ್ತೆ ಸಾರ್" ಎಂದಳು ದೊಡ್ಡಕ್ಕ. ಆ ಮಹಾಶಯ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೂರೇ ವಾರ. ಅಂಗಡಿಗಳಿಂದ ಪೆಟ್ಟಿಗೆಗಟ್ಟಲೆ ಗಾಜು ವಾಪಸ್ಸು ಬಂತು. ಒಂದೊಂದರ ಮೇಲೂ ಪುಟ್ಟ ಬಿಳಿ ಉಂಗುರಗಳು. ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಲ್ಲ! ಮೇಲ್ವಿಚಾರಕ ದೊಡ್ಡಕ್ಕನೇ ಬರೆದಂತೆ ಒಂದು ಪತ್ರ ಬರೆದ. ವಯಸ್ಸಾಗಿ ನನ್ನ ಕಣ್ಣು ಮಂಜಾಗಿದೆ, ಸರಿಯಾಗಿ ತೊಳೆಯಲು ಆಗಲಿಲ್ಲ, ಇದಕ್ಕೆ ನಾನೇ ಹೊಣೆ ಎಂದು ಬರೆದು, ಕೆಳಗೆ ಅವಳ ಸಹಿಗೆ ಜಾಗ ಬಿಟ್ಟಿದ್ದ. ಸಹಿ ಹಾಕಿದರೆ ಡಬ್ಬ ಕಟ್ಟುವ ಕೆಲಸ, ಇಲ್ಲವಾದರೆ ಮನೆಯ ದಾರಿ.

ಡಬ್ಬ ಕಟ್ಟುವ ಮೇಜಿನಲ್ಲಿದ್ದ ಅವಳ ತಂಗಿ ಗೋಗರೆದಳು. "ಹಾಕ್ಬಿಡೇ ಅಕ್ಕ. ಒಂದು ಗೀಟು ಎಳೆದ್ರೆ ನಿನ್ನ ಗಂಟೇನು ಹೋಗುತ್ತೆ? ನನ್ ಪಕ್ಕದಲ್ಲೇ ಕೂತ್ಕೊಂಡು ಹರಟೆ ಹೊಡೀಬಹುದು."

"ದಿನಾ ನಿನ್ ಹರಟೆ ಕೇಳೋ ಶಿಕ್ಷೆ ಬೇರೆನಾ? ಹೋಗೇ!" ಎಂದು ದೊಡ್ಡಕ್ಕ ಪತ್ರ ಹಿಡಿದು ಸೀದಾ ಮಾಲೀಕರ ಕೋಣೆಗೆ ನುಗ್ಗಿದಳು. ಮಾಲೀಕರನ್ನೂ ಮೇಲ್ವಿಚಾರಕನನ್ನೂ ತೊಟ್ಟಿಯ ಹತ್ತಿರ ಕರೆತಂದು, "ಇವತ್ತು ಇವರೇ ತೊಳೀಲಿ ಸಾರ್. ನಾನು ಕೈ ಕಟ್ಕೊಂಡು ನಿಲ್ತೀನಿ" ಎಂದಳು.

ಮೇಲ್ವಿಚಾರಕ ತೋಳು ಮಡಚಿ ಎರಡು ಗಾಜನ್ನು ಸೋಪು ಹಾಕಿ ತಿಕ್ಕಿದ, ಮೂರು ಸಲ ನೀರಿನಲ್ಲಿ ಜಾಲಿಸಿದ. ಒಂದನ್ನು ದೊಡ್ಡಕ್ಕ ಓರೆ ಮಾಡಿ ಹಿಡಿದು ಕಾಗದ ಮುಟ್ಟಿಸಿ ಪಕ್ಕಕ್ಕಿಟ್ಟಳು. ಇನ್ನೊಂದು ಹನಿ ಹನಿಯಾಗಿಯೇ ಬಿಸಿಗಾಳಿಯ ಕೆಳಗೆ ಹೋಯಿತು. ಮಾಲೀಕರ ಕೈಗೆ ಭೂತಗನ್ನಡಿ ಕೊಟ್ಟಳು.

"ಒಂದೇ ಹನಿ ಮೇಲೆ ಕಣ್ಣಿಡಿ ಸಾರ್. ಅದರ ಸುತ್ತಳತೆ ಕಮ್ಮಿ ಆಗ್ತಿದ್ಯಾ?"

"ಇಲ್ಲ. ಹನಿ ತಗ್ಗಾಗ್ತಿದೆ, ಆದ್ರೆ ಅಂಚು ಇದ್ದಲ್ಲೇ ಇದೆ."

"ಹ್ಞಾ! ಅಂಚಿನಲ್ಲಿ ನೀರು ತೆಳು, ಅಲ್ಲಿಂದ ಬೇಗ ಆವಿಯಾಗಿ ಹೋಗುತ್ತೆ. ಹೋದ ಜಾಗ ತುಂಬೋಕೆ ನಡುವಿನ ನೀರು ಹೊರಕ್ಕೆ ಓಡುತ್ತೆ. ಓಡೋವಾಗ ನಲ್ಲಿ ನೀರಲ್ಲಿರೋ ಸುಣ್ಣ, ಧೂಳು ಎಲ್ಲ ಹೊತ್ಕೊಂಡು ಹೋಗಿ ಅಂಚಿಗೆ ಸುರಿಯುತ್ತೆ. ನೀರು ಹಾರಿಹೋಗುತ್ತೆ, ಸುಣ್ಣ ಎಲ್ಲಿಗೆ ಹಾರುತ್ತೆ? ಮೇಜಿನ ಮೇಲೆ ಬಿದ್ದ ಟೀ ಹನಿ ಒಣಗಿದ್ದು ನೋಡಿಲ್ವಾ? ಅಂಚು ಗಾಢ, ನಡುವೆ ತೆಳು. ಇದೂ ಅದೇ."

ಗಾಜು ಒಣಗಿತು. ಮೇಲ್ವಿಚಾರಕ ತನ್ನ ಕೈಯಾರೆ ತೊಳೆದರೂ ಬಿಸಿಗಾಳಿಗಿಟ್ಟ ಗಾಜಿನ ತುಂಬ ಬಿಳಿ ಉಂಗುರಗಳು. ಕಾಗದ ಮುಟ್ಟಿಸಿ ಪಕ್ಕಕ್ಕಿಟ್ಟದ್ದು ಥಳಥಳ. ಅವನ ಮುಖ ಹುಳ್ಳಗಾಯಿತು.

ಮಾಲೀಕರು ಕೆಮ್ಮಿದರು. "ಆಯ್ತು ದೊಡ್ಡಕ್ಕ, ನಿನ್ ಮಾತೇ ಸರಿ. ಯಂತ್ರ ನಿಲ್ಲಿಸೋಣ, ನೀನು ಇಲ್ಲೇ ಇರು. ಆದ್ರೆ ಅಂಗಡಿಯೋರಿಗೆ ಏನಾದ್ರೂ ತೋರಿಸ್ಬೇಕಲ್ಲ? ಆ ಪತ್ರಕ್ಕೊಂದು ಸಹಿ ಹಾಕ್ಬಿಡು."

ಎಂಥ ಮಾತು ನೋಡಿ! ಕೆಲಸ ಉಳಿಯಿತು ಎಂದು ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಸಹಿ ಹಾಕುತ್ತಿದ್ದರೇನೋ. ದೊಡ್ಡಕ್ಕ ಏಪ್ರನ್ ಬಿಚ್ಚಿ ತೊಟ್ಟಿಯ ಮೇಲೆ ಎಸೆದಳು.

"ಗೊತ್ತಿಲ್ದೆ ಹೊರಿಸಿದ್ರೆ ಏನೋ ತಪ್ಪು ತಿಳ್ಕೊಂಡ್ರು ಅನ್ಬಹುದು. ಕಣ್ಣಾರೆ ನೋಡಿದ ಮೇಲೂ ಹೊರಿಸ್ತೀರಲ್ಲ, ನಾಚಿಕೆ ಆಗಲ್ವಾ ಸಾರ್?" ಎಂದು ಪತ್ರವನ್ನು ಮಗುಚಿ ಖಾಲಿ ಬೆನ್ನಿನ ಮೇಲೆ ಬೆರಳು ಕುಟ್ಟಿದಳು. "ಈಗ ನೋಡಿದ್ದನ್ನ ಇಲ್ಲಿ ಬರೀರಿ. ಇಬ್ರೂ ಸಹಿ ಹಾಕಿ. ಅಲ್ಲೀತನಕ ನಾನು ಈ ನೀರು ಮುಟ್ಟಲ್ಲ."

ಸ್ಟೂಲು ಎಳೆದು ಕೂತೇಬಿಟ್ಟಳು. ತೊಳೆಯದ ಗಾಜಿನ ತಟ್ಟೆಗಳು ಒಂದರ ಮೇಲೊಂದು ಏರುತ್ತ ಹೋದವು. ಆಗ ತಂಗಿಯೂ ಡಬ್ಬ ಕೆಳಗಿಟ್ಟು ಬಂದು ಅಕ್ಕನ ಪಕ್ಕ ನಿಂತಳು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಮಾಲೀಕರು ಪೆನ್ನನ್ನು ಮೇಲ್ವಿಚಾರಕನ ಕಡೆ ತಳ್ಳಿದರು. ಅವನು ಹಲ್ಲು ಕಚ್ಚಿಕೊಂಡು ನಾಲ್ಕು ಸಾಲು ಗೀಚಿದ. ಇಬ್ಬರೂ ಸಹಿ ಹಾಕಿದರು.

ದೊಡ್ಡಕ್ಕ ಕಾಗದವನ್ನು ಮೇಲಿಂದ ಕೆಳಗಿನವರೆಗೆ ಓದಿ ವಾಪಸ್ಸು ಚಾಚಿದಳು.

"ತಾರೀಖು ಬಿಟ್ಟಿದ್ದೀರಿ ಸಾರ್."